ನೀಲಿ ತಟ್ಟೆ, ಕೆಂಪು ಗಡಿಗೆ

ಹಾಲೆಂಡಿಗೆ ಹೋಗಿಬಂದವರ ಮನೆಯನ್ನು ಗುರುತಿಸುವುದು ಕಷ್ಟವೇನಲ್ಲ. ಫ್ರಿಜ್ಜಿನ ಬಾಗಿಲಿಗೆ ಗಾಳಿಗಿರಣಿಯ ಚಿತ್ರವಿರುವ ನೀಲಿ-ಬಿಳಿ ಅಯಸ್ಕಾಂತ ಅಂಟಿರುತ್ತದೆ. ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಯ ಪಕ್ಕ ಬೆರಳುದ್ದದ ನೀಲಿ-ಬಿಳಿ ಬೂಟು ಕುಳಿತಿರುತ್ತದೆ. ಡೆಲ್ಫ್ಟ್ ಬ್ಲೂ ಎಂದು ಅದರ ಹೆಸರು. ತಂದವರ ಪಾಲಿಗೆ ಅದು ಹಾಲೆಂಡಿನ ಮಣ್ಣು. ಆದರೆ ಆ ಮಣ್ಣಿನ ಜಾತಕ ಬಿಡಿಸಿದರೆ ಸ್ವಲ್ಪ ತೊಡಕಿದೆ. 17ನೇ ಶತಮಾನದ ಡೆಲ್ಫ್ಟ್ ಕುಂಬಾರರು ಊರಿನ ಮಣ್ಣಿಗೆ ಈಗಿನ ಬೆಲ್ಜಿಯಂನ ಟೂರ್ನೆಯಿಂದ ಸುಣ್ಣದಂಶದ ಮಣ್ಣನ್ನೂ ಜರ್ಮನಿಯ ರೂರ್ ನದಿಯ ದಂಡೆಯಿಂದ ಮತ್ತೊಂದು ಬಗೆಯ ಮಣ್ಣನ್ನೂ ತರಿಸಿ ಬೆರೆಸುತ್ತಿದ್ದರು. ಬಿಳಿ ಮೆರುಗಿಗೆ ಬೇಕಾದ ತವರ ಇಂಗ್ಲೆಂಡಿನ ಕಾರ್ನ್‌ವಾಲಿನದು, ನೀಲಿಯ ಕೋಬಾಲ್ಟ್ ಸ್ಯಾಕ್ಸನಿಯದು, ಚಿತ್ರದ ಮಾದರಿ ಚೀನಾದ್ದು. ತವರದ ಮೆರುಗು ಹಚ್ಚುವ ವಿದ್ಯೆಯೂ ಇಟಲಿಯಿಂದ ಹೊರಟು ಆಂಟ್‌ವರ್ಪ್ ಮಾರ್ಗವಾಗಿ ಬಂದದ್ದು. ಡೆಲ್ಫ್ಟಿನದೇ ಎನ್ನಬಹುದಾದದ್ದು ಮುಖ್ಯವಾಗಿ ಎರಡು: ಕೈ ಮತ್ತು ಬೆಂಕಿ.

ಅದೇ ನಾಡಿನಲ್ಲಿ, ಅದೇ ಕಾಲದಲ್ಲಿ, ಅಂಥದೇ ಬೆಂಕಿಯಲ್ಲಿ ಬೆಂದ ಇನ್ನೊಂದು ಪಾತ್ರೆಯಿದೆ. ಅದು ಕೆಂಪು ಗಡಿಗೆ. ಅದನ್ನು ಯಾರೂ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟು ಊರಿಗೆ ತರುವುದಿಲ್ಲ. ಮುಖಾಮುಖಿ ನೋಡಬೇಕೆಂದರೆ ಆಮ್ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂಗೆ ಹೋಗಬೇಕು. ಅಲ್ಲಿ ಯೋಹಾನೆಸ್ ವರ್ಮೀರ್ 1660ರ ಸುಮಾರಿಗೆ ಬರೆದ, ಹಾಲು ಸುರಿಯುವ ಅಡುಗೆ ಹೆಂಗಸಿನ ಚಿತ್ರವಿದೆ. ಎತ್ತರ ಅರ್ಧ ಮೀಟರೂ ಇಲ್ಲ, 45.5 ಸೆಂಟಿಮೀಟರ್. ಆಕೆ ಹಾಲು ಸುರಿಯುತ್ತಿರುವುದು ಎರಡು ಹಿಡಿಗಳ ಕೆಂಪು ಮಣ್ಣಿನ ಪಾತ್ರೆಗೆ. ನೆಲದ ಮೇಲೆ ಕಾಲು ಕಾಯಿಸಿಕೊಳ್ಳುವ ತೂತುಗಳ ಮರದ ಪೆಟ್ಟಿಗೆ. ಅದರೊಳಗೆ ಕೆಂಡ ತುಂಬುವ ಮಣ್ಣಿನ ಬಟ್ಟಲು. ಡೆಲ್ಫ್ಟಿನ ಜಗದ್ವಿಖ್ಯಾತ ನೀಲಿ ಎಲ್ಲಿದೆ ಎಂದು ಹುಡುಕಿದರೆ ಗೋಡೆಯ ಬುಡದಲ್ಲಿ ಸಿಗುತ್ತದೆ, ಪೊರಕೆ ಮತ್ತು ತೇವದಿಂದ ಸುಣ್ಣವನ್ನು ಕಾಪಾಡಲು ಕೂರಿಸಿದ ಪುಟ್ಟ ಟೈಲ್ಸಿನ ಸಾಲಿನಲ್ಲಿ. ವರ್ಮೀರ್ ಹುಟ್ಟಿ, ಬಾಳಿ, ಸತ್ತದ್ದು ಡೆಲ್ಫ್ಟಿನಲ್ಲೇ. ಅವನೂ ಅಲ್ಲಿನ ನೀಲಿ ತಟ್ಟೆಯ ಕುಂಬಾರರೂ ಸೇಂಟ್ ಲ್ಯೂಕ್ ಹೆಸರಿನ ಒಂದೇ ಸಂಘದ ಸದಸ್ಯರು. 1662ರಲ್ಲಿ ಅವನು ಆ ಸಂಘದ ಮುಖ್ಯಸ್ಥರಲ್ಲೊಬ್ಬನಾದ. ಆದರೂ ನೀಲಿಯನ್ನು ಮೂಲೆಗಿಟ್ಟು ಕೆಂಪಿಗೆ ನಡುಮನೆಯ ಬೆಳಕು ಕೊಟ್ಟ.

ಕನ್ನಡದ ಓದುಗರಿಗೆ ನೀಲಿಗಿಂತ ಕೆಂಪೇ ಹತ್ತಿರದ ನೆಂಟ. ಅದರ ವಂಶಾವಳಿ ಹಿಂದಕ್ಕೆ ಹಿಡಿದು ಹೋದರೆ ಮಧ್ಯಯುಗದ ಡಚ್ ಕರಾವಳಿಯ ಕೊಗೆಲ್‌ಪಾಟ್ ಸಿಗುತ್ತದೆ. ದುಂಡು ತಳದ, ನಿಲ್ಲಲಾರದ ಗಡಿಗೆ. ಅದನ್ನು ತಿಗರಿಯ ಮೇಲೆ ಎತ್ತುತ್ತಿರಲಿಲ್ಲ. ಒಳಗೊಂದು ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಿಂದ ತಟ್ಟಿ ತಟ್ಟಿ ಗೋಡೆ ತೆಳ್ಳಗೆ ಮಾಡುತ್ತಿದ್ದರು. ನಮ್ಮ ಕುಂಬಾರರು ಇಂದಿಗೂ ಗಡಿಗೆಯ ತಳ ಕೂಡಿಸುವುದು ಹೀಗೆಯೇ. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಮಡಕೆ ತಟ್ಟಿದ ಲಯಕ್ಕೆ ಸಾಕ್ಷಾತ್ ಶಿವನೇ ಕುಣಿದ. ಉತ್ತರ ಸಮುದ್ರದ ದಂಡೆಯಲ್ಲಿ ಕೊಗೆಲ್‌ಪಾಟ್ ತಟ್ಟಿದವರ ಮುಂದೆ ಯಾರು ಕುಣಿದರೋ, ಬರೆದಿಟ್ಟ ಹರಿಹರ ಅಲ್ಲಿರಲಿಲ್ಲ.

ಆ ಗಡಿಗೆಗಳ ಬಣ್ಣ ಬೂದು. ಗೂಡಿನ ಬಾಯಿ ಮುಚ್ಚಿ ಬೆಂಕಿಗೆ ಉಸಿರು ಕಟ್ಟಿಸಿದರೆ ಮಣ್ಣಿನೊಳಗಿನ ಕಬ್ಬಿಣ ತನ್ನಲ್ಲಿದ್ದ ಆಮ್ಲಜನಕವನ್ನು ಬಿಟ್ಟುಕೊಟ್ಟು ಕಪ್ಪಿಡುತ್ತದೆ. ಗಾಳಿ ಆಡಲು ಬಿಟ್ಟರೆ ಕೆಂಪಾಗುತ್ತದೆ. ಮಣ್ಣು ಒಂದೇ, ವ್ಯತ್ಯಾಸ ಗಾಳಿಯದು. 14ನೇ ಶತಮಾನ ಕಳೆಯುವ ಹೊತ್ತಿಗೆ ಡಚ್ ಅಡುಗೆಮನೆಯಲ್ಲಿ ಬೂದು ಹಿಂದೆ ಸರಿದು ಕೆಂಪು ಗೆದ್ದಿತ್ತು. ಸೀಸದ ಮೆರುಗು ಹಚ್ಚಿದ, ಮೂರು ಕಾಲಿನ, ಹಿಡಿಯುಳ್ಳ ಕೆಂಪು ಪಾತ್ರೆ. ನಮ್ಮಲ್ಲಿ ಒಲೆಗೆ ಮೂರು ಕಲ್ಲು. ಅಲ್ಲಿ ಆ ಮೂರು ಕಲ್ಲು ಗಡಿಗೆಯ ಹೊಟ್ಟೆಗೇ ಅಂಟಿಕೊಂಡವು ಎನ್ನಬೇಕು. ಕೆಂಡದ ಮೇಲೆ ನೆಟ್ಟಗೆ ನಿಲ್ಲಿಸಿ ಗಂಜಿ ಬೇಯಿಸಿ, ಹಿಡಿ ಹಿಡಿದು ಇಳಿಸಿದರಾಯಿತು. ದಕ್ಷಿಣದ ಬೆರ್ಗೆನ್ ಒಪ್ ಝೋಮ್, ಓಸ್ಟರ್‌ಹೌಟ್‌ನಂಥ ಊರುಗಳು ಶತಮಾನಗಳ ಕಾಲ ಇಂಥ ಪಾತ್ರೆಗಳನ್ನು ಸುಟ್ಟು ದೋಣಿಗಳಲ್ಲಿ ತುಂಬಿ ಕಳಿಸಿದವು.

ಒಡೆದದ್ದು ಎಲ್ಲಿಗೆ ಹೋಯಿತು? ಕಾಲುವೆಗೆ, ಕಕ್ಕಸುಗುಂಡಿಗೆ. ಡಚ್ ಪುರಾತತ್ವಜ್ಞರಿಗೆ ಕಕ್ಕಸುಗುಂಡಿಯಷ್ಟು ಪ್ರೀತಿಯ ಜಾಗ ಇನ್ನೊಂದಿಲ್ಲ. ಆಮ್ಸ್ಟರ್‌ಡ್ಯಾಮಿನಲ್ಲಿ ಉತ್ತರ–ದಕ್ಷಿಣ ಮೆಟ್ರೊ ಮಾರ್ಗಕ್ಕಾಗಿ ಆಮ್ಸ್ಟೆಲ್ ನದಿಯ ಹಳೆಯ ಪಾತ್ರವನ್ನು ಅಗೆದಾಗ ಸುಮಾರು ಏಳು ಲಕ್ಷ ವಸ್ತುಗಳು ಸಿಕ್ಕವು. 2018ರಲ್ಲಿ ತೆರೆದ ರೋಕಿನ್ ನಿಲ್ದಾಣದಲ್ಲಿ ಎಸ್ಕಲೇಟರುಗಳ ನಡುವೆ ಗಾಜಿನ ಕಪಾಟು ಮಾಡಿ ಅವುಗಳಲ್ಲಿ ಸಾವಿರಾರನ್ನು ಜೋಡಿಸಿದ್ದಾರೆ. ಆಫೀಸಿಗೆ ಓಡುವವರು ಮೊಬೈಲಿನಿಂದ ಕಣ್ಣೆತ್ತಿದರೆ ಐನೂರು ವರ್ಷದ ಹಿಂದಿನ ಯಾರದೋ ಮನೆಯ ಗಡಿಗೆಯ ಕಾಲು ಕಾಣುತ್ತದೆ. ಇಷ್ಟಕ್ಕೇ ಬಿಡುವ ಜನವಲ್ಲ ಆ ಪುರಾತತ್ವಜ್ಞರು. ಸಿಕ್ಕ ಪಾತ್ರೆಗಳಿಗೆಲ್ಲ ಡೆವೆಂಟರ್ ಪದ್ಧತಿ ಎಂಬ ಕ್ರಮದಲ್ಲಿ ಸಂಕೇತ ಕೊಡುತ್ತಾರೆ: ಮಣ್ಣಿನ ಬಗೆಗೊಂದು ಅಕ್ಷರ, ಆಕಾರಕ್ಕೆ ಮೂರು ಅಕ್ಷರ, ಆಮೇಲೊಂದು ಸಂಖ್ಯೆ. ಯಾವುದೋ ಅಜ್ಜಿಯ ಗಂಜಿ ಗಡಿಗೆಗೆ ಆಧಾರ್ ಸಂಖ್ಯೆ ಸಿಕ್ಕಂತಾಯಿತು.

ಹೀಗೆ ಪಾತ್ರೆ ಉಳಿಯಿತು. ಸುಟ್ಟ ಮಣ್ಣು ಹೇಗೂ ಕೊಳೆಯುವುದಿಲ್ಲ. ಉಳಿಸಿಕೊಳ್ಳುವುದು ಕಷ್ಟವಾದದ್ದು ಬೆಂಕಿಯನ್ನು.

ನೆದರ್ಲೆಂಡ್ಸ್ ಕಾಡಿನ ನಾಡಲ್ಲ. ಆಮ್ಸ್ಟರ್‌ಡ್ಯಾಮಿನ ಮನೆಗಳು ನಿಂತ ಕಂಬಗಳಿಗೂ ಹಡಗುಗಳಿಗೂ ಬೇಕಾದ ಮರ ಹೊರಗಿನಿಂದ ಬರಬೇಕಿತ್ತು. ಜರ್ಮನಿಯ ಕಪ್ಪು ಅರಣ್ಯದ ದಿಮ್ಮಿಗಳನ್ನು ಬೃಹತ್ ತೆಪ್ಪಗಳಾಗಿ ಕಟ್ಟಿ ರೈನ್ ನದಿಯಲ್ಲಿ ಡೋರ್ಡ್ರೆಕ್ಟ್‌ವರೆಗೆ ತೇಲಿಸಿ ತರುತ್ತಿದ್ದರು. ಅಂಥ ಕಡೆ ಗಡಿಗೆ ಸುಡುವುದಕ್ಕೆಲ್ಲ ಸೌದೆಯನ್ನೇ ನೆಚ್ಚಿಕೊಂಡರೆ ಆಗುತ್ತದೆಯೇ? ಹಾಗಾಗಿ ಸೌದೆಯ ಜೊತೆಗೆ ಪೀಟ್ ಬಂತು. ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತ ಪಾಚಿ, ಹುಲ್ಲು, ಬೇರು. ಅದನ್ನು ಕತ್ತರಿಸಿ, ಬೆರಣಿಯ ಹಾಗೆ ಒಣಗಿಸಿ, ಒಟ್ಟಿ, ದೋಣಿಯಲ್ಲಿ ಸಾಗಿಸಿ ಉರಿಸುವುದು. ಇಟ್ಟಿಗೆ ಗೂಡು, ಬಿಯರ್ ಭಟ್ಟಿ, ಕುಂಬಾರರ ಗೂಡು, ಮನೆಯ ಒಲೆ ಎಲ್ಲವೂ ಅದನ್ನು ತಿಂದವು. ನೆಲವನ್ನೇ ಅಗೆದು ಉರಿಸಿದ ಮೇಲೆ ಉಳಿದ ಹೊಂಡಕ್ಕೆ ನೀರು ನುಗ್ಗಿತು. ಹಾರ್ಲೆಮ್ ಬಳಿಯ ದೊಡ್ಡ ಸರೋವರ ಗಾಳಿ ಅಲೆಗಳ ಹೊಡೆತದ ಜೊತೆಗೆ ಈ ಅಗೆತದಿಂದಲೂ ಹಿಗ್ಗುತ್ತಾ ಹೋಗಿ, ಊರು ನುಂಗುವ ಭಯ ಹುಟ್ಟಿಸಿ, ಕೊನೆಗೆ 1852ರ ಹೊತ್ತಿಗೆ ಉಗಿಯಂತ್ರಗಳಿಂದ ನೀರೆತ್ತಿ ಒಣಗಿಸುವಂತಾಯಿತು. ಬೆಂಗಳೂರಿನಿಂದ ಹಾರಿ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಇಳಿಯುವ ಕನ್ನಡಿಗರು ಕಾಲಿಡುವುದು ಆ ಸರೋವರದ ತಳದ ಮೇಲೆ.

ಆಮೇಲೆ ಕಲ್ಲಿದ್ದಲು. ಅದರ ನಂತರ, 1959ರಲ್ಲಿ ಗ್ರೋನಿಂಗೆನ್ ಪ್ರಾಂತದ ಸ್ಲೋಕ್ಟೆರೆನ್‌ನಲ್ಲಿ ನೈಸರ್ಗಿಕ ಅನಿಲ. ಕೊಳಾಯಿ ತಿರುಗಿಸಿದರೆ ಬೆಂಕಿ, ಮತ್ತೆ ತಿರುಗಿಸಿದರೆ ಇಲ್ಲ. ಇಡೀ ರಾತ್ರಿ ಎಚ್ಚರವಿದ್ದು ಜ್ವಾಲೆಯ ಬಣ್ಣ ನೋಡಿ ಸೌದೆ ಒಡ್ಡುವ ಕೆಲಸಕ್ಕೆ ಬೆಲೆ ಕೊಡುವವರು ಯಾರು? ವಿದ್ಯುತ್ ಗೂಡಂತೂ ಇನ್ನೂ ಸಭ್ಯ. ಗುಂಡಿ ಒತ್ತಿ ಮಲಗಬಹುದು. ಆ ಅನಿಲವೂ ಸುಮ್ಮನೆ ಬರಲಿಲ್ಲ. ತೆಗೆದಷ್ಟೂ ನೆಲ ಕುಸಿದು, ಭೂಕಂಪಗಳಾಗಿ, 2012ರಲ್ಲಿ ಹೌಝಿಂಗೆ ಎಂಬ ಹಳ್ಳಿಯ ಬಳಿ 3.6 ತೀವ್ರತೆಯ ಕಂಪನದಲ್ಲಿ ಮನೆಗಳ ಗೋಡೆ ಬಿರಿದು, ಕೊನೆಗೆ 2023ರ ಅಕ್ಟೋಬರಿನಲ್ಲಿ ಉತ್ಪಾದನೆ ನಿಲ್ಲಿಸಿದರು. ಪೀಟ್ ತೆಗೆದಾಗ ನೀರು ನುಗ್ಗಿತು, ಅನಿಲ ತೆಗೆದಾಗ ಗೋಡೆ ಬಿರಿಯಿತು. ಆ ನಾಡಿನಲ್ಲಿ ಬೆಂಕಿಯ ಬಾಕಿ ಯಾವತ್ತೂ ನೆಲವೇ ತೀರಿಸಿದೆ.

ನೀಲಿಯ ಕಥೆ ಬೇರೆ. ಪೋರ್ಚುಗೀಸರಿಂದ 1602ರಲ್ಲೂ 1603ರಲ್ಲೂ ಡಚ್ಚರು ಕಸಿದ ಎರಡು ಹಡಗುಗಳಲ್ಲಿ ರಾಶಿ ರಾಶಿ ಚೀನೀ ಪಿಂಗಾಣಿ ಇತ್ತು. ಹರಾಜಿನಲ್ಲಿ ಅದರ ರುಚಿ ಯುರೋಪಿಗೆ ಹತ್ತಿತು. 1640ರ ದಶಕದಲ್ಲಿ ಮಿಂಗ್ ಅರಸೊತ್ತಿಗೆ ಬಿದ್ದು ಚೀನಾದ ಸರಬರಾಜು ಕಡಿತವಾದಾಗ ಡೆಲ್ಫ್ಟಿಗೆ ಅದೃಷ್ಟ ಖುಲಾಯಿಸಿತು. ಮುಚ್ಚಿದ ಬಿಯರ್ ಭಟ್ಟಿಗಳ ಕಟ್ಟಡಗಳಲ್ಲಿ ಕುಂಬಾರರು ಹೊಕ್ಕರು; 1700ರ ಸುಮಾರಿಗೆ ಮೂವತ್ತಕ್ಕೂ ಹೆಚ್ಚು ಕಾರ್ಖಾನೆಗಳು. ಅಲ್ಲಿನ ಚಿತ್ರಗಾರರ ಪಾಡು ನೋಡಬೇಕು. ಒಮ್ಮೆ ಸುಟ್ಟ ತಟ್ಟೆಯನ್ನು ಮೆರುಗಿನ ಹಾಲಿನಲ್ಲಿ ಅದ್ದಿ ಒಣಗಿಸಿದರೆ ಮೇಲೆ ಪುಡಿಪುಡಿ ಪದರ ನಿಲ್ಲುತ್ತದೆ. ಕುಂಚ ತಾಗಿದ ಕ್ಷಣವೇ ಅದು ಬಣ್ಣ ಹೀರಿಬಿಡುತ್ತದೆ. ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಹಚ್ಚುವಾಗ ಕೋಬಾಲ್ಟ್ ಮಂಕು ಮಸಿಯ ಬಣ್ಣ. ನೀಲಿ ಹುಟ್ಟುವುದು ಸಾವಿರ ಡಿಗ್ರಿಯ ಆಸುಪಾಸಿನ ಎರಡನೇ ಬೆಂಕಿಯಲ್ಲಿ. ಅಂದರೆ ಆ ನೀಲಿಯನ್ನು ಬರೆಯುವವರು ಬರೆಯುವ ಹೊತ್ತಿನಲ್ಲಿ ಅದನ್ನು ಕಾಣುವುದೇ ಇಲ್ಲ.

18ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ವೆಜ್‌ವುಡ್ ಬಗೆಯ ಅಗ್ಗದ, ಗಟ್ಟಿ, ಕೆನೆಬಣ್ಣದ ಪಾತ್ರೆ ಬಂದು ಡೆಲ್ಫ್ಟನ್ನು ಮಲಗಿಸಿತು. ಯೌವನದಲ್ಲಿ ತಾನೇ ತಟ್ಟೆಗೆ ಬಣ್ಣ ಹಚ್ಚಿದ್ದ ಗೆರಿಟ್ ಪಾಪೆ ಎಂಬ ಲೇಖಕ 1794ರಲ್ಲಿ ಈ ಕಸುಬಿನ ಕ್ರಮವನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದ. ಕಸುಬು ಚೆನ್ನಾಗಿ ನಡೆಯುತ್ತಿದ್ದಾಗ ಯಾರಿಗೂ ಪುಸ್ತಕ ಬರೆಯಬೇಕೆನಿಸಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. 19ನೇ ಶತಮಾನದ ನಡುವಿಗೆ ಉಳಿದದ್ದು 1653ರಲ್ಲಿ ಹುಟ್ಟಿದ ‘ದೆ ಪೋರ್ಸೆಲೈನೆ ಫ್ಲೆಸ್’ ಒಂದೇ. ಯೋಸ್ಟ್ ಥೂಫ್ಟ್ 1876ರಲ್ಲಿ ಅದನ್ನು ಕೊಂಡು ಜೀವ ತುಂಬಿದ. ಹೇಗೆ? ಹಳೆಯ ಮಣ್ಣನ್ನು ಬಿಟ್ಟು, ಸೋಲಿಸಿದ ಇಂಗ್ಲಿಷರ ಹಾದಿ ಹಿಡಿದು ಗಟ್ಟಿ ಬಿಳಿ ಮಣ್ಣು ತಂದು, ಅದರ ಮೇಲೆ ಪಾರದರ್ಶಕ ಮೆರುಗು ಹಾಕಿ. ಕೈಬರಹ ಉಳಿಯಿತು, ಮಣ್ಣು, ಮೆರುಗು, ಉರಿ ಎಲ್ಲ ಬದಲಾದವು. ಶುದ್ಧ ಸಂಪ್ರದಾಯದ ಪ್ರೇಮಿಗಳು ಇದನ್ನು ಮೋಸ ಎಂದಾರು. ಹಾಗೆ ಮಾಡದಿದ್ದರೆ ಇವತ್ತು ಫ್ರಿಜ್ಜಿನ ಮೇಲೆ ಅಂಟಿಸಲು ಏನೂ ಇರುತ್ತಿರಲಿಲ್ಲ.

ಫ್ರೀಸ್‌ಲ್ಯಾಂಡಿನ ಮಕ್ಕುಮ್ ಊರಿನ ಟಿಕೆಲಾರ್ ಸಂಸ್ಥೆಯದು ಇನ್ನೂ ಸ್ವಾರಸ್ಯ. ತನ್ನ ಚರಿತ್ರೆಯನ್ನು 1572ರಿಂದ ಎಣಿಸುವ, ಶತಮಾನಗಳಿಂದ ಒಂದೇ ಮನೆತನ ನಡೆಸಿಕೊಂಡು ಬಂದ ಕಸುಬು. 1990ರ ದಶಕದಲ್ಲಿ ವಿನ್ಯಾಸಕಿ ಹೆಲ್ಲಾ ಯೊಂಗೇರಿಯುಸ್ ಅಲ್ಲಿ ‘ಬಿ-ಸೆಟ್’ ಎಂಬ ತಟ್ಟೆ-ಬಟ್ಟಲುಗಳನ್ನು ಮಾಡಿದರು. ಬೇಕೆಂತಲೇ ಹೆಚ್ಚು ಶಾಖದಲ್ಲಿ ಸುಟ್ಟು, ಒಂದೊಂದೂ ಅದರದೇ ರೀತಿಯಲ್ಲಿ ಸೊಟ್ಟಗಾಗುವಂತೆ ಬಿಟ್ಟರು. ಒಂದರಂತೆ ಇನ್ನೊಂದಿಲ್ಲ, ಅದೇ ಅದರ ಬೆಲೆ. ನಮ್ಮ ಸಂತೆಯಲ್ಲಿ ಗಡಿಗೆ ಕೊಳ್ಳುವ ಅಜ್ಜಿ ಏನು ಮಾಡುತ್ತಾಳೆ? ಎಡಗೈಯಲ್ಲಿ ಕಂಠ ಹಿಡಿದೆತ್ತಿ ಬೆರಳ ಗೆಣ್ಣಿನಿಂದ ಟಣ್ ಎನಿಸುತ್ತಾಳೆ. ಸದ್ದು ಬೋದಾದರೆ ‘ಇದು ಸೀಳು ಬಿಟ್ಟದೆ ಕಣಪ್ಪ’ ಎಂದು ಪಕ್ಕಕ್ಕಿಡುತ್ತಾಳೆ. ಬಾಯಿ ಸೊಟ್ಟಗಿದ್ದರೆ ಎರಡು ರೂಪಾಯಿ ಕಡಿಮೆ ಕೇಳುತ್ತಾಳೆ. ಸೊಟ್ಟಕ್ಕೆ ಹೆಚ್ಚು ಹಣ ಕೊಡುವ ಗಿರಾಕಿ ಹುಟ್ಟಬೇಕಾದರೆ ಮೊದಲು ಮನೆ ತುಂಬ ನೆಟ್ಟಗಿನ ಯಂತ್ರದ ಪಾತ್ರೆ ತುಂಬಿರಬೇಕು. ಟಿಕೆಲಾರ್ ಮನೆತನದ ಗೂಡು ಕಟ್ಟಡಗಳ ಹೊರಮೈಗೂ ಮೆರುಗಿನ ಟೈಲ್ಸ್ ಸುಟ್ಟಿತು. ನ್ಯೂಯಾರ್ಕಿನ ಕಲೆ ಮತ್ತು ವಿನ್ಯಾಸ ಮ್ಯೂಸಿಯಂನ 2008ರ ಹೊಸ ಮುಖಕ್ಕೆ ಹೊದಿಸಿದ ಟೈಲ್ಸ್ ಫ್ರೀಸ್‌ಲ್ಯಾಂಡಿನ ಈ ಸಣ್ಣ ಊರಿನಿಂದ ಹೋದವು.

ಸೌದೆಯ ಬೆಂಕಿ ಮರಳಿ ಬಂದದ್ದು ಡೆಲ್ಫ್ಟಿನ ಬಾಗಿಲಿನಿಂದಲೂ ಅಲ್ಲ, ಕೆಂಪು ಗಡಿಗೆಯ ವಾರಸುದಾರರಿಂದಲೂ ಅಲ್ಲ. ಅದು ಬಂದದ್ದು ಜಪಾನಿನಿಂದ. ಜಪಾನಿನಲ್ಲಿ ಕಸುಬು ಕಲಿತ ಇಂಗ್ಲಿಷ್ ಕುಂಬಾರ ಬರ್ನಾರ್ಡ್ ಲೀಚ್ 1940ರಲ್ಲಿ ಬರೆದ ಕುಂಬಾರಿಕೆಯ ಪುಸ್ತಕ ಪಶ್ಚಿಮದ ಒಂದು ತಲೆಮಾರಿಗೆ ಪಂಚಾಂಗದಂತಾಯಿತು. ಆಮೇಲೆ ಇಳಿಜಾರಿನಲ್ಲಿ ಉದ್ದಕ್ಕೆ ಕಟ್ಟುವ ಅನಗಾಮ ಗೂಡುಗಳು ಯುರೋಪಿನಲ್ಲೂ ಎದ್ದವು, ನೆದರ್ಲೆಂಡ್ಸಿನ ಕೆಲವು ಕಲಾವಿದರ ಹಿತ್ತಲಿಗೂ ಬಂದವು. ಅದಕ್ಕೆ ಉರಿ ಹಾಕುವುದೆಂದರೆ ಮದುವೆ ಮನೆಯ ಕೆಲಸ. ಸೌದೆಯನ್ನು ತಿಂಗಳುಗಟ್ಟಲೆ ಮುಂಚೆ ಸೀಳಿ ಒಣಗಿಸಬೇಕು. ಮೊದಲು ಬಾಯಲ್ಲಿ ಸಣ್ಣ ಉರಿ, ಮಣ್ಣಿನ ಕೊನೆಯ ತೇವ ಹೋಗುವವರೆಗೆ. ಅವಸರ ಮಾಡಿದರೆ ಒಳಗೆ ಪಟಪಟ ಸಿಡಿದ ಸದ್ದು ಕೇಳುತ್ತದೆ, ಅಷ್ಟು ದಿನದ ದುಡಿಮೆ ಚೂರು. ಆಮೇಲೆ ದಪ್ಪ ತುಂಡು, ಕೊನೆಕೊನೆಗೆ ಹೆಬ್ಬೆರಳು ದಪ್ಪದ ಸೀಳು, ಪಕ್ಕದ ಕಿಂಡಿಗಳಿಂದ. ಪಾಳಿ ಹಾಕಿಕೊಂಡು ಎರಡು, ಮೂರು, ಕೆಲವೊಮ್ಮೆ ಇನ್ನೂ ಹೆಚ್ಚು ದಿನ. ಸಾವಿರದ ಇನ್ನೂರೈವತ್ತು ಡಿಗ್ರಿ ದಾಟುವಾಗ ಜ್ವಾಲೆಯೊಂದಿಗೆ ಹಾರಿದ ಬೂದಿ ಪಾತ್ರೆಯ ಭುಜದ ಮೇಲೆ ಕೂತು, ಮಣ್ಣಿನ ಮರಳಿನೊಡನೆ ಕರಗಿ ಹಸಿರು-ಕಂದು ಗಾಜಾಗಿ ಹರಿಯುತ್ತದೆ. ಶಾಖ ಎಷ್ಟೆಂದು ತಿಳಿಯಲು ಇಣುಕುಕಿಂಡಿಯ ಎದುರು ಸಣ್ಣ ಶಂಕುಗಳನ್ನಿಟ್ಟಿರುತ್ತಾರೆ. ಗೊತ್ತಾದ ಶಾಖಕ್ಕೆ ಅವು ಮೆತ್ತಗಾಗಿ ತಲೆಬಾಗುತ್ತವೆ. ಬಾಯಿ ಮುಚ್ಚಿದ ಮೇಲೆ ತಣಿಯಲು ಮತ್ತೆ ದಿನಗಳು. ಮಧ್ಯದಲ್ಲಿ ಇಟ್ಟಿಗೆ ತೆಗೆದು ಇಣುಕಿದವರ ಗೋಳು ಹೇಳತೀರದು: ತಣ್ಣನೆಯ ಗಾಳಿ ಹೊಕ್ಕು ಪಾತ್ರೆ ಸೀಳುತ್ತದೆ.

ಇಷ್ಟೆಲ್ಲ ಮಾಡುವವರಿಗೆ ಇವತ್ತಿನ ದೊಡ್ಡ ಚಿಂತೆ ಮಳೆಯಲ್ಲ, ಹೊಗೆ. ಜನ ಒತ್ತೊತ್ತಾಗಿ ಬಾಳುವ ದೇಶ. ಗಾಳಿ ನಿಂತು ಹೊಗೆ ನೆಲಕ್ಕೇ ಮುತ್ತುವ ದಿನಗಳಲ್ಲಿ ಸಾರ್ವಜನಿಕ ಆರೋಗ್ಯ ಸಂಸ್ಥೆ ಆರ್‌ಐವಿಎಂ ‘ಇಂದು ಸೌದೆ ಉರಿಸಬೇಡಿ’ ಎಂದು ಎಚ್ಚರಿಕೆ ಹೊರಡಿಸುತ್ತದೆ. ಪಕ್ಕದ ಮನೆಯ ಮಗುವಿಗೆ ದಮ್ಮು ಇದ್ದರೆ ಪರಂಪರೆಯ ಮಾತು ಆಡಿ ಪ್ರಯೋಜನವಿಲ್ಲ, ಆಡಲೂಬಾರದು. ಕೆಂಪು ಗಡಿಗೆಯ ಮಟ್ಟಿಗೆ ಇನ್ನೊಂದು ಕಟ್ಟು: ಅದರ ಹೊಳಪೇ ಸೀಸದ್ದು. ಊಟದ ಪಾತ್ರೆಯಿಂದ ಎಷ್ಟು ಸೀಸ ಬಿಡಬಹುದೆಂಬುದಕ್ಕೆ ಯುರೋಪಿನಲ್ಲಿ 1984ರಿಂದ ಮಿತಿಯಿದೆ. ಹಾಗಾಗಿ ಆಲ್ಫೆನ್ ಆನ್ ದೆನ್ ರೈನ್ ಊರಿನಲ್ಲಿ 1994ರಲ್ಲಿ ತೆರೆದ ಆರ್ಕಿಯಾನ್ ಉದ್ಯಾನದಂಥ ಕಡೆ, ಮಧ್ಯಯುಗದ ಉಡುಪು ತೊಟ್ಟು ಕಸುಬು ಮಾಡಿ ತೋರಿಸುವ ಜಾಗಗಳಲ್ಲಿ, ಉಣ್ಣುವ ಪಾತ್ರೆಗೆ ಹಳೆಯ ಮೆರುಗನ್ನು ಹಳೆಯ ಹಾಗೆಯೇ ಬಳಿಯುವಂತಿಲ್ಲ. ಅಜ್ಜನ ಗಡಿಗೆಯನ್ನು ಯಥಾವತ್ತಾಗಿ ಮಾಡಿದರೆ ಅದರಲ್ಲಿ ಗಂಜಿ ಕುಡಿಸುವುದು ಅಪರಾಧ.

ಡಚ್ಚರು ಗಾಳಿಗಿರಣಿಯ ವಿಷಯದಲ್ಲಿ ಒಂದು ದಾರಿ ಕಂಡುಕೊಂಡರು. ಗಿರಣಿ ನಡೆಸಿ ಬದುಕುವವರು ಇಲ್ಲವಾಗುತ್ತಿದ್ದಂತೆ 1972ರಲ್ಲಿ ಸ್ವಯಂಸೇವಕ ಗಿರಣಿಗಾರರ ಸಂಘ ಕಟ್ಟಿ, ತರಬೇತಿ, ಪರೀಕ್ಷೆ ಎಲ್ಲ ಇಟ್ಟು, ವಾರದ ದಿನ ಬೇರೆ ಉದ್ಯೋಗ ಮಾಡುವವರ ಕೈಗೆ ರೆಕ್ಕೆಗಳನ್ನು ಒಪ್ಪಿಸಿದರು. 2017ರಲ್ಲಿ ಗಿರಣಿಗಾರರ ಈ ವಿದ್ಯೆ ಯುನೆಸ್ಕೊ ಪಟ್ಟಿ ಸೇರಿತು. ಸೌದೆ ಗೂಡೂ ಅದೇ ಹಾದಿಯಲ್ಲಿದೆ: ಹೊಟ್ಟೆಪಾಡಿಗೆ ಅದು ಬೇಕಿಲ್ಲದವರು ಪ್ರೀತಿಗಾಗಿ ಉರಿಸುತ್ತಾರೆ. ಇದಕ್ಕೆ ಮೂಗು ಮುರಿಯುವುದು ಸುಲಭ. ಆದರೆ ಕರ್ನಾಟಕದ ಕಡೆ ತಿರುಗಿದರೆ ಮುರಿದ ಮೂಗು ತಾನೇ ನೆಟ್ಟಗಾಗುತ್ತದೆ. ಇಲ್ಲಿ ಆವಿಗೆ ಇನ್ನೂ ಬದುಕುವವರ ಕೈಯಲ್ಲೇ ಇದೆ, ಅದಕ್ಕೇ ಅದು ಆರುತ್ತಿದೆ. ಕೆರೆ ಮಣ್ಣು ಸಿಗದು, ಸೌದೆ ದುಬಾರಿ, ಸ್ಟೀಲು ಪ್ಲಾಸ್ಟಿಕ್ಕು ಅಗ್ಗ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಶುರುಮಾಡಿದ ಹಂಚಿನ ಕಾರ್ಖಾನೆಯ ಪರಂಪರೆಯೇ ಕಾಂಕ್ರೀಟಿನ ಎದುರು ಸೊರಗಿದೆ. ಒಂಟಿ ಕುಂಬಾರನ ಗತಿ ಕೇಳಬೇಕೆ? ಖಾನಾಪುರದಲ್ಲಿ ಖಾದಿ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆ ತರಬೇತಿ ಕೊಡುತ್ತದೆ, 2018ರಿಂದ ಆಯೋಗ ವಿದ್ಯುತ್ ತಿಗರಿ ಹಂಚುತ್ತಿದೆ. ತಿಗರಿ ತಿರುಗಿಸುವ ಶ್ರಮ ಇಳಿಯಿತು, ಒಳ್ಳೆಯದೇ. ಸುಡುವ ಶ್ರಮ, ಸುಟ್ಟದ್ದನ್ನು ಮಾರುವ ಶ್ರಮ ಇದ್ದಲ್ಲೇ ಇದೆ. ಮಗ ಬೆಂಗಳೂರಿಗೆ ಹೋಗಿ ಡೆಲಿವರಿ ಕೆಲಸ ಹಿಡಿದರೆ ಅಪ್ಪನಿಗೆ ಬೈಯುವ ಬಾಯಿಲ್ಲ.

ಅಲ್ಲಿನವರಿಗೆ ಮಾರುಕಟ್ಟೆ ಒಂದಿಷ್ಟು ಇದೆ ಎಂಬುದು ನಿಜವಾದ ವ್ಯತ್ಯಾಸ. ಲಿಂಬರ್ಗಿನ ಮಿಲ್ಸ್‌ಬೇಕ್‌ನ ಕೆರಾಮಿಸ್ಟೊ ಸಂತೆಗೂ, ಕ್ರಿಸ್ತನ ಸ್ವರ್ಗಾರೋಹಣ ಹಬ್ಬದ ಹೊತ್ತಿಗೆ ಗೌಡಾ ಪಟ್ಟಣದ ಚೌಕದಲ್ಲಿ ಸೇರುವ ಮಡಕೆ ಸಂತೆಗೂ ಜನ ದುಡ್ಡು ಹಿಡಿದುಕೊಂಡೇ ಬರುತ್ತಾರೆ. ಸೌದೆ ಬೂದಿ ಹರಿದ ಬಟ್ಟಲನ್ನು ಎತ್ತುತ್ತಾರೆ, ತಿರುಗಿಸಿ ತಳ ನೋಡುತ್ತಾರೆ, ಎಷ್ಟು ದಿನ ಉರಿಸಿದಿರಿ ಎಂದು ವಿಚಾರಿಸುತ್ತಾರೆ, ಗೂಡಿನ ಫೋಟೊ ತೋರಿಸಿದರೆ ತಲೆದೂ‌ಗುತ್ತಾರೆ. ಕೊನೆಗೆ ಪರ್ಸು ತೆಗೆಯುವ ಮುಂಚೆ ಎಲ್ಲ ಕುಂಬಾರರೂ ಕಾಯುತ್ತಿರುವ ಆ ಪ್ರಶ್ನೆ ಬಂದೇ ಬರುತ್ತದೆ: ಇದನ್ನು ಡಿಶ್‌ವಾಷರಿಗೆ ಹಾಕಬಹುದೇ? ಸಾವಿರದ ಇನ್ನೂರೈವತ್ತರಲ್ಲಿ ಬೆಂದದ್ದಾದರೆ ಧಾರಾಳವಾಗಿ ಹಾಕಿ, ಕೆಂಪು ಗಡಿಗೆಯನ್ನು ಮಾತ್ರ ದಯವಿಟ್ಟು ಕೈಯಲ್ಲೇ ತೊಳೆಯಿರಿ.